ಇಂಗಿನ ಕಾರ್ಖಾನೆಯ ಎಡಬದಿ ಸಮರ

ಗೂಳಿಯು ಷೇರುಪೇಟೆಯೆಂಬ ಹುಲ್ಲುಗಾವಲನ್ನು ಹೊಟ್ಟೆ ಬಿರಿಯೆ ಮೇಯುತ್ತಿದ್ದ, ಕರಡಿಯು ಗುಹೆಯೊಳಗೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ, ಕಡಲೆಪುರಿ ಮಾರುವವನೂ ಕಂಪನಿ ಕಟ್ಟಿ ಊರಿಗೆಲ್ಲ ಷೇರು ಹಂಚುವೆನೆಂದು ಮೀಸೆ ತಿರುವುತ್ತಿದ್ದ ಆ ಪುಣ್ಯಯುಗದಲ್ಲಿ, ಹುಬ್ಬಳ್ಳಿ ಮಹಾಪಟ್ಟಣದ ಗೋಕುಲ ರಸ್ತೆಯಲ್ಲಿ, ಒಂದು ಗುರುವಾರದ ರಾಹುಕಾಲದಲ್ಲಿ ನಡೆದ ಲೋಕಭಯಂಕರ ಸಂಗ್ರಾಮವನ್ನು ಹೇಳಹೊರಟಿದ್ದೇನೆ. ಎಲೈ ವಾಗ್ದೇವಿಯೇ, ಬಂದು ನನ್ನ ನಾಲಗೆಯ ಮೇಲೆ ಕುಳಿತುಕೋ. ಮೂಗು ಮಾತ್ರ ಮುಚ್ಚಿಕೊಂಡು ಬಾ, ಏಕೆಂದರೆ ಕಥೆ ನಡೆಯುವುದು ಇಂಗಿನ ಕಾರ್ಖಾನೆಯಲ್ಲಿ.

ಆ ಕಾರ್ಖಾನೆಯ ಒಡತಿ, ತೀಕ್ಷ್ಣಗಂಧಸಾಮ್ರಾಜ್ಯಾಧೀಶ್ವರಿ, ಸಾರುಸಾಂಬಾರಸಮಸ್ತೋಪಕಾರಿಣಿ, ದಶದಿಗಂತವ್ಯಾಪ್ತವಾಸನಾವಿಲಾಸಿನಿ, ಎಪ್ಪತ್ತೊಂದು ವರ್ಷದ ದಾನಮ್ಮ ಉಳ್ಳಾಗಡ್ಡಿ. ಮನೆತನದ ಹೆಸರು ಉಳ್ಳಾಗಡ್ಡಿ, ಅಂದರೆ ಈರುಳ್ಳಿ; ಮಾರುವುದು ಇಂಗು. ಇದರಲ್ಲಿ ನನ್ನ ಕೈವಾಡವೇನೂ ಇಲ್ಲ. ನಲವತ್ತು ವರ್ಷಗಳ ಹಿಂದೆ ಹಿತ್ತಲಲ್ಲಿ ಗೋಂದು, ಮೈದಾ, ಕಾಬೂಲಿನ ಹಸಿ ಇಂಗು ಕಲಸಿ ಶುರುಮಾಡಿದ 'ಐರಾವತ ಇಂಗು' ಈಗ ದೇಶದ ಒಗ್ಗರಣೆ ಸೌಟುಗಳನ್ನೆಲ್ಲ ಆಳುತ್ತಿತ್ತು. ದಾನಮ್ಮನಿಗೆ ತನ್ನ ಕಂಪನಿಯ ಷೇರುಗಳನ್ನು ಜನರಿಗೆ ಮಾರಬೇಕೆನಿಸಿತು. ಅದಕ್ಕೆ ಕಂಪನಿಯ ಹುಟ್ಟು, ಗುಣ, ಅವಗುಣಗಳನ್ನೆಲ್ಲ ಬರೆದ ದಪ್ಪ ಪುಸ್ತಕವೊಂದು ಅಚ್ಚಾಗಬೇಕು. ಆ ಪುಸ್ತಕ ಬರೆಯಲು ಇನ್ವೆಸ್ಟ್‌ಮೆಂಟ್ ಬ್ಯಾಂಕಿನವರು ಬೇಕು.

ಆ ಬ್ಯಾಂಕುಗಳ ಕುಲಗೋತ್ರಗಳನ್ನು ವರ್ಣಿಸಲು ನನಗಿರುವ ಒಂದು ನಾಲಗೆ ಸಾಲದು. ಎಲ್ಲಕ್ಕೂ ಮೇಲೆ ದಿಗ್ಗಜಕುಲ: ಲಂಡನ್, ನ್ಯೂಯಾರ್ಕ್, ಹಾಂಕಾಂಗುಗಳಲ್ಲಿ ಕಾಲಿಟ್ಟು ನಿಂತು, ಸಾಲವನ್ನೂ ಕೊಟ್ಟು, ಷೇರನ್ನೂ ಮಾರಿ, ಒಂದು ಕಂಪನಿ ಇನ್ನೊಂದನ್ನು ನುಂಗುವಾಗ ಪಕ್ಕದಲ್ಲಿ ನಿಂತು ಮಂತ್ರ ಹೇಳುವ ಮಹಾಕಾಯರು. ಅವರ ಕೆಳಗೆ ಮಧ್ಯಮಕುಲ. ತೀರಾ ದೊಡ್ಡದನ್ನು ಮುಟ್ಟಲು ಕೈ ಸಾಲದು, ತೀರಾ ಸಣ್ಣದನ್ನು ಮುಟ್ಟಲು ಮರ್ಯಾದೆ ಬಿಡದು. ಈ ಕುಲದ ಮೂವರು ಐರಾವತದ ಬಾಗಿಲಿಗೂ ಬಂದಿದ್ದರು. ಗೇಟಿನೊಳಗೆ ಹನ್ನೆರಡು ಹೆಜ್ಜೆ ಇಟ್ಟು, ವಾಸನೆಗೆ ಕಣ್ಣುಕತ್ತಲಿಟ್ಟು, ಸೆಕ್ಯೂರಿಟಿಯವನ ಕುರ್ಚಿಯ ಮೇಲೆ ಒರಗಿ ವೀರಗತಿಯನ್ನು ಪಡೆದು, ಸಂಜೆಯ ವಿಮಾನ ಹಿಡಿದರು. ಲೆಕ್ಕಪರಿಶೋಧಕರ ವಂಶದಲ್ಲಿ ಹುಟ್ಟಿ ಆಮೇಲೆ ಸಲಹೆಗೆ ಇಳಿದವರೂ ಬಂದರು. ಅವರು ಆ ವಾಸನೆಯ ಬಗ್ಗೆಯೇ ನೂರಿಪ್ಪತ್ತು ಪುಟದ ವರದಿ ಕೊಟ್ಟು ಹೋದರು. ಇನ್ನು ಬುಟೀಕ್ ಕುಲ. ಇವರಿಗೆ ಖಜಾನೆಯಿಲ್ಲ, ಸಾಲ ಕೊಡುವುದಿಲ್ಲ, ತಲೆಯೊಂದೇ ಬಂಡವಾಳ. ಬುಟೀಕಿನವರು ಬಂದಿದ್ದಾರೆಂದು ಕೇಳಿ ದಾನಮ್ಮ, "ಬ್ಲೌಸ್ ಹೊಲ್ಯಾವ್ರಿಗೆ ಇಲ್ಲೇನ ಕೆಲಸಾ?" ಎಂದಿದ್ದಳಂತೆ.

ಕೊನೆಗೆ ಉಳಿದವರು ಇಬ್ಬರು. ಥಾರ್ನ್‌ಬರಿ ಕ್ರೌಚ್ ಎಂಬ ದಿಗ್ಗಜಬ್ಯಾಂಕಿನ ಮುಂಬಯಿ ದಂಡನಾಯಕ, ಮಂಗಳೂರು ಮೂಲದ ರತ್ನಾಕರ ಪಡಿಯಾರ್. ಮತ್ತು ಮೈಸೂರಿನ ಬುಟೀಕೊಂದರ ಒಡತಿ, ಸಪ್ತಸೈನಿಕಸಮೇತೆ ಮೃಣಾಲಿನಿ ಅರಸ್. ದಾನಮ್ಮ ಇಬ್ಬರನ್ನೂ ಇಟ್ಟುಕೊಂಡಳು. ಇಬ್ಬರಿಗೂ ಒಂದೇ ಶುಲ್ಕ, ಒಂದೇ ಕೆಲಸ, ಒಂದೇ ಬಗೆಯ ಚಹಾ. ಹಾಗಾದರೆ ಜಗಳವೇತಕ್ಕೆ?

ಕೇಳಿ. ಆ ಪುಸ್ತಕದ ಮುಖಪುಟದ ಮೇಲೆ ಬ್ಯಾಂಕುಗಳ ಹೆಸರು ಸಾಲಾಗಿ ಅಚ್ಚಾಗುತ್ತದೆ. ಅದರಲ್ಲಿ ಎಡತುದಿಯಲ್ಲಿ ಯಾರ ಹೆಸರಿದೆಯೋ ಅವರೇ ಸೇನಾಪತಿ. ಬಲಕ್ಕಿರುವವರು ಬರಿಯ ಹಿಂಬಾಲಕರು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದರೂ ಭೂಮಂಡಲದ ಬ್ಯಾಂಕರುಗಳೆಲ್ಲ ಪುಸ್ತಕ ಕೈಗೆ ಬಂದೊಡನೆ ಮೊದಲು ನೋಡುವುದು ಎಡತುದಿಯನ್ನೇ, ಮುಂದಿನ ವ್ಯವಹಾರ ಹುಡುಕಿಕೊಂಡು ಹೋಗುವುದೂ ಆ ಎಡಬದಿಯವನ ಮನೆಗೇ. ಎರಡೂವರೆ ಇಂಚು ಅಗಲದ ಆ ಜಾಗಕ್ಕಾಗಿ ಹಿಂದೆ ಅಣ್ಣತಮ್ಮಂದಿರಂತಿದ್ದ ಬ್ಯಾಂಕುಗಳು ಮಾತು ಬಿಟ್ಟಿವೆ.

ಗುರುವಾರ ಮಧ್ಯಾಹ್ನ ಒಂದೂವರೆಗೆ ದಾನಮ್ಮ ಹೇಳಿದಳು:

"ನೋಡ್ರಿ, ಈಗ ರಾಹುಕಾಲ ಹತ್ತೇತಿ. ಮೂರಕ್ಕ ಮುಗೀತೈತಿ. ಮುಗದ ಮ್ಯಾಲ ಪ್ರೆಸ್ಸಿನಾಂವ ಮುಖಪುಟಾ ಒಯ್ಯಾಕ ಬರ್ತಾನ. ಯಾರ ಹೆಸರು ಎಲ್ಲಿ ಅಂತ ಅಷ್ಟರಾಗ ಇಬ್ರೂ ಮಾತಾಡ್ಕೊಂಡು ಬರ್ರಿ."

ಇಬ್ಬರು ವೀರರೂ ಅಂಗಳಕ್ಕಿಳಿದರು. ಇತ್ತ ಹಿಂಗುಪೀಪಾಯಿಗಳ ಪರ್ವತಶ್ರೇಣಿ, ಅತ್ತ ಮೈದಾ ಚೀಲಗಳ ಹಿಮಾಲಯ. ನಡುವೆ ಧೂಳೀಧೂಸರಿತ ರಣಾಂಗಣ. ಪಡಿಯಾರರು ಕೋಟಿನ ಗುಂಡಿ ಹಾಕಿಕೊಂಡರು, ಅಂದರೆ ಕವಚ ಧರಿಸಿದರು. ಮೃಣಾಲಿನಿ ಕನ್ನಡಕವನ್ನು ಸೆರಗಿನಿಂದ ಒರೆಸಿದಳು, ಅಂದರೆ ಬಾಣಕ್ಕೆ ಸಾಣೆ ಹಿಡಿದಳು. ಪಡಿಯಾರರ ಕಿಸೆಯಲ್ಲಿ ಹಾಂಕಾಂಗಿನ ಕರೆಯೊಂದು ಪಾಂಚಜನ್ಯದಂತೆ ಮೊಳಗಿತು. ಅವರು ಅದನ್ನು ಕತ್ತರಿಸಿ ಗರ್ಜಿಸಿದರು:

"ನೋಡಿ ಅರಸ್ ಅವರೇ, ಇಪ್ಪತ್ತಮೂರು ವರ್ಷದಲ್ಲಿ ನಾನು ಒಂದು ಸಲವೂ ಬಲಗಡೆ ನಿಂತವನಲ್ಲ. ನಲವತ್ತೊಂದು ದೇಶದಲ್ಲಿ ನಮ್ಮ ಆಫೀಸುಂಟು. ಒಂದು ಕಡೆ ಸೂರ್ಯ ಮುಳುಗುವಾಗ ಇನ್ನೊಂದು ಕಡೆ ನಮ್ಮವರು ಲ್ಯಾಪ್‌ಟಾಪ್ ತೆರೆದಾಯ್ತು. ನನ್ನ ಕಪಾಟಿನಲ್ಲಿ ಅರವತ್ತನಾಲ್ಕು ಅಕ್ರಿಲಿಕ್ ಉಂಟು ಗೊತ್ತುಂಟಾ? ಅರವತ್ತನಾಲ್ಕರಲ್ಲೂ ಎಡಗಡೆ ನಾವೇ!"

ಅಕ್ರಿಲಿಕ್ ಎಂದರೆ, ಪ್ರತಿಯೊಂದು ವ್ಯವಹಾರ ಮುಗಿದ ಮೇಲೆ ಭಾಗವಹಿಸಿದವರಿಗೆಲ್ಲ ಹಂಚುವ ಗಾಜಿನಂಥ ಪಾರದರ್ಶಕ ಇಟ್ಟಿಗೆ. ಒಳಗೆ ಮುಖಪುಟದಲ್ಲಿದ್ದ ಕ್ರಮದಲ್ಲೇ ಹೆಸರುಗಳಿರುತ್ತವೆ. ಬ್ಯಾಂಕರುಗಳಿಗೆ ಅದೇ ವೀರಗಲ್ಲು.

"ನಿಮ್ಮಲ್ಲಿ ಎಷ್ಟು ಜನ?" ಎಂದು ಪಡಿಯಾರರು ಮುಂದುವರಿಸಿದರು.

"ನನ್ನ ಬಿಟ್ಟು ಏಳು."

"ಡ್ರೈವರ್ ಸೇರಿಸಿಯಾ?"

"ಡ್ರೈವರ್ ಇಲ್ಲ ಸಾರ್. ಮೈಸೂರಿಂದ ನಾನೇ ಓಡಿಸ್ಕೊಂಡು ಬಂದೆ. ಅದಿರ್ಲಿ, ಈ ಪುಸ್ತಕ ನಾನೂರ ಹನ್ನೆರಡು ಪುಟ ಇದ್ಯಲ್ಲ, ಅದ್ರಲ್ಲಿ ನಿಮ್ಮ ನಲವತ್ತೊಂದು ದೇಶದೋರು ಎಷ್ಟು ಬರೆದ್ರು? ಇಂಗು ಮರದ ಮೇಲೆ ಬಿಡತ್ತೆ ಅಂತ ಬರೆದಿದ್ರಿ! ಕಾಯಿ ಕೀಳೋ ಕೂಲಿ ಅಂತ ಒಂದು ಪ್ಯಾರಾ ಬೇರೆ!"

ಆ ವಾಗ್ಬಾಣ ನೇರವಾಗಿ ಎದೆಗೆ ನಾಟಿತು. ಪಡಿಯಾರರು ತತ್ತರಿಸಿ ಒಂದು ಪೀಪಾಯಿಗೆ ಆತುಕೊಂಡರು. ಆ ಪೀಪಾಯಿಯ ವಾಸನೆ ಮುಂದೆ ಮೂರು ತಿಂಗಳು ಅವರ ಕೋಟನ್ನು ಬಿಡಲಿಲ್ಲ.

"ಅದು ಸಿಂಗಾಪುರದ ಟೀಮು ಬರೆದದ್ದು ಮಾರಾಯ್ರೆ," ಎಂದರು ಕ್ಷೀಣಸ್ವರದಲ್ಲಿ.

"ಬೇರಿಂದ ಬರೋ ಅಂಟು ಅದು ಅಂತ ತಿದ್ದಿದ್ದು ನನ್ನ ಟೀಮು. ಕೇಳಿ ಸಾರ್, ಹನ್ನೊಂದು ವರ್ಷದಿಂದ ಬಲಗಡೆನೇ ನಿಂತಿದೀನಿ. ಕೆಲಸ ನಮ್ದು, ಹೆಸರು ಎಡಗಡೆಯೋರ್ದು. ಹೊಸ ಕೆಲಸ ಯಾವುದೂ ನಮ್ಮ ಮನೆ ಬಾಗಿಲಿಗೆ ಬರ್ತಿಲ್ಲ. ಈ ಸಲನೂ ಹೀಗೇ ಆದ್ರೆ ಎಲ್ರೂ ಬೀಗ ಹಾಕ್ಕೊಂಡು ನಿಮ್ಮಂಥೋರ ಹತ್ರ ಕೆಲಸಕ್ಕೆ ಸೇರ್ಬೇಕು. ನಿಮ್ಗೆ ಅರವತ್ತೈದನೇ ಇಟ್ಟಿಗೆ. ನನ್ಗೆ ಮನೆ."

ಪಡಿಯಾರರು ಕನಿಕರದಿಂದ ತಲೆಯಾಡಿಸಿದರು. ಆದರೆ ದಿಗ್ಗಜಕ್ಕೆ ಬಲಕ್ಕೆ ತಿರುಗುವ ಅಭ್ಯಾಸವಿಲ್ಲ.

ಅಷ್ಟರಲ್ಲಿ ಎರಡೂ ಸೇನೆಗಳ ನಡುವೆ ಒಂದು ಸ್ಟೀಲಿನ ತಟ್ಟೆ ನುಗ್ಗಿತು. "ಸರ, ಅಕ್ಕಾರ, ಬಿಸಿ ಮಿರ್ಚಿ ಅದಾವು, ಗಿರ್ಮಿಟ್ ಐತಿ. ತಿಂದು ಜಗಳಾಡ್ರಿ." ತಟ್ಟೆ ಹಿಡಿದವನು ಗುರುಪಾದ ಹಂಚಿನಾಳ. ದುರ್ಗದಬೈಲಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ 'ಹಂಚಿನಾಳ ಅಂಡ್ ಬ್ರದರ್ಸ್' ಎಂಬ ಸಲಹಾಸಂಸ್ಥೆ ಅವನದು. ಬ್ರದರ್ ಹಾಲಿನ ಡೇರಿಯಲ್ಲಿದ್ದಾನೆ. ಷೇರು ಮಾರಾಟ ನಡೆಸಲು ಸರಕಾರ ಕೊಟ್ಟ ಪರವಾನಗಿಯನ್ನು ಕಟ್ಟು ಹಾಕಿಸಿ ಗಣಪತಿಯ ಪಕ್ಕ ತೂಗುಹಾಕಿದ್ದ. ಈ ವ್ಯವಹಾರದಲ್ಲಿ ಸ್ಥಳೀಯ ಕಚೇರಿಗಳ ಸಹಿ ತರುವುದು ಮತ್ತು ಊಟದ ವ್ಯವಸ್ಥೆ ಅವನ ಪಾಲಿಗೆ ಬಂದಿತ್ತು. ಪುಸ್ತಕದ ಕೊನೆಯ ಪುಟದಲ್ಲಿ ಅವನ ಹೆಸರು ಸಾಸಿವೆ ಗಾತ್ರದ ಅಕ್ಷರದಲ್ಲಿತ್ತು.

ಯುದ್ಧ ನಿರ್ಣಯವಾಗದೆ ಇಬ್ಬರೂ ಒಳಗೆ ಹೋದರು. ಇಲ್ಲಿ ಓದುಗರು ಬ್ಯಾಂಕರುಗಳ ಯುದ್ಧಧರ್ಮವೊಂದನ್ನು ತಿಳಿಯಬೇಕು. ಗಿರಾಕಿಯ ಮುಂದೆ ಎಡಬದಿಯನ್ನು ಬಾಯಿಬಿಟ್ಟು ಕೇಳಬಾರದು. ಕೇಳಿದರೆ ಹೆಸರಿನ ಆಸೆಯವರೆಂದು ಸಣ್ಣತನವಾಗುತ್ತದೆ. ಆದ್ದರಿಂದ ಅದನ್ನು ತ್ಯಾಗವೆಂಬಂತೆ, ಉಪಕಾರವೆಂಬಂತೆ, ತಲೆತಗ್ಗಿಸಿ ತೆಗೆದುಕೊಳ್ಳಬೇಕು. ಹೀಗೆ ವಿನಯಾಸ್ತ್ರಗಳ ಪ್ರಯೋಗ ಆರಂಭವಾಯಿತು.

"ಅಮ್ಮಾ, ನಮ್ಮ ಬಗ್ಗೆ ನೀವು ತಲೆಬಿಸಿ ಮಾಡ್ಬೇಡಿ," ಎಂದರು ಪಡಿಯಾರರು ಕೈಮುಗಿದು. "ನಮ್ಮನ್ನು ಎಡಗಡೆ ಒಂದು ಮೂಲೆಯಲ್ಲಿ ಹಾಕಿಬಿಡಿ. ನಮಗೆ ಅಷ್ಟು ಸಾಕು."

ದಾನಮ್ಮ ಹೌಹಾರಿದಳು. ಹೊಸ್ತಿಲು ದಾಟುವಾಗ ಬಲಗಾಲು, ಪ್ರಸಾದ ತಗೊಳ್ಳುವಾಗ ಬಲಗೈ, ಮನೆಗೆ ಬಂದ ಹಿರಿಯರಿಗೆ ಬಲಬದಿಯ ಮಣೆ. ಎಪ್ಪತ್ತೊಂದು ವರ್ಷ ಹೀಗೆ ಬದುಕಿದವಳು ಅವಳು.

"ಅಯ್ಯ, ಎಡಕ್ಕ ಯಾಕ್ರಿ? ಲಂಡನ್ ಮಟಾ ಹೆಸರು ಮಾಡಿದ ಮಂದಿ ನೀವು!"

ಮೃಣಾಲಿನಿ ತಡಮಾಡದೆ ಪ್ರತ್ಯಸ್ತ್ರ ಹೂಡಿದಳು. "ಸರಿಯಾಗಿ ಹೇಳಿದ್ರಿ ಅಮ್ಮ. ಅವ್ರು ದೊಡ್ಡೋರು, ಅವ್ರನ್ನ ಬಲಗಡೆ ಹಾಕಿ. ಚಿಕ್ಕೋರು ನಾವು, ಎಡಗಡೆ ಅಡ್ಜಸ್ಟ್ ಮಾಡ್ಕೋತೀವಿ."

"ಛೆ ಛೆ, ಹೆಂಗಸರನ್ನು ಮೂಲೆಗೆ ತಳ್ಳುವುದುಂಟಾ? ಎಡಗಡೆ ನಾನೇ!"

"ವಯಸ್ಸಾದೋರನ್ನ ಮೂಲೆಗೆ ತಳ್ಳೋದು ಉಂಟಾ ಸಾರ್? ಎಡಗಡೆ ನಾನು!"

"ನನಗೆಂತ ವಯಸ್ಸು? ಐವತ್ತೆಂಟು!"

ಹೀಗೆ ನಮ್ರತೆಯು ನಮ್ರತೆಯನ್ನು ಇರಿಯಿತು, ತ್ಯಾಗವು ತ್ಯಾಗದ ಜುಟ್ಟು ಹಿಡಿಯಿತು. ಗಡಿಯಾರ ಎರಡೂ ಐವತ್ತೈದು ತೋರಿಸಿತು. ದಾನಮ್ಮನ ಕಣ್ಣಲ್ಲಿ ನೀರು ಬಂತು. ಇಂಗಿನ ಕಾರ್ಖಾನೆಯಲ್ಲಿ ಕಣ್ಣೀರಿಗೆ ಕಾರಣ ಕೇಳಬಾರದು. ಆದರೆ ಈ ಸಲ ಅದು ನಿಜವಾದದ್ದೇ.

"ಸಾಕ್ರಿ, ಸಾಕು," ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥಾ ದೊಡ್ಡ ಮನಸ್ಸು ನಿಮ್ದು! ನಾ ಕಂಡಂಗ ಮಂದಿ ಬಲಕ್ಕ ಕುಂದ್ರಾಕ ಬಡದಾಡ್ತಾರ. ಎಡಕ್ಕ ನಾ ನಿಂದರ್ತೀನಿ, ನಾ ನಿಂದರ್ತೀನಿ ಅಂತ ಬಡದಾಡಾವ್ರನ್ನ ಇವತ್ತ ನೋಡಿದ್ನಿ. ಮನಿಗೆ ಬಂದ ಅತಿಥಿಗಳನ್ನ ಎಡಕ್ಕ ನಿಂದರಿಸಿದ್ರ ನಾ ಯಾವ ಬಾಯಿಲೆ ದೇವರಿಗೆ ಕೈ ಮುಗೀಲಿ? ಇಬ್ರನ್ನೂ ಬಲಕ್ಕ ಹಾಕ್ತೀನಿ, ಒಬ್ಬರ ಕೆಳಗ ಒಬ್ಬರು. ಗುರುಪಾದ! ಏ ಗುರುಪಾದ!"

ಹಂಚಿನಾಳ ಖಾಲಿ ತಟ್ಟೆಯೊಂದಿಗೆ ಪ್ರತ್ಯಕ್ಷನಾದ. "ಏನ್ರಿ ಅವ್ವಾರ?"

"ಎಡಕ್ಕ ಜಾಗಾ ಖಾಲಿ ಬೀಳ್ತೈತಿ, ಚೆಂದ ಕಾಣೂದಿಲ್ಲ. ಕಡೀ ಪುಟದಾಗ ಇರೂ ನಿನ್ನ ಹೆಸರು ಅಲ್ಲಿ ಹಾಕ್ತೀನಿ. ನೀ ಮನಿ ಮಗಾ, ಬ್ಯಾಸರ ಮಾಡ್ಕೋಬ್ಯಾಡ. ಎಡಕ್ಕ ನಿಂದ್ರಾಕ ನಿನಗೇನರ ತ್ರಾಸ ಐತೇನು?"

"ನನಗೇನ್ರಿ, ಬಾಗಲದ ಹೊರಗ ನಿಂದ್ರು ಅಂದ್ರೂ ನಿಂದರ್ತೀನಿ. ಸರ ಇನ್ನೊಂದು ಮಿರ್ಚಿ ತಗೋತಾರೇನು ಕೇಳ್ರಿ."

ನಲವತ್ತೊಂದು ದೇಶಗಳಲ್ಲಿ ಏಕಕಾಲಕ್ಕೆ ಯಾರಿಗೋ ಬಿಕ್ಕಳಿಕೆ ಬಂದಿರಬೇಕು. ಪಡಿಯಾರರು ಬಾಯಿ ತೆರೆದರು, ಮೃಣಾಲಿನಿಯೂ ತೆರೆದಳು. 'ಅಮ್ಮಾ, ನಮಗೆ ಬೇಕಿದ್ದದ್ದೇ ಎಡಗಡೆ' ಎನ್ನಬೇಕಾದರೆ ಒಂದು ಗಂಟೆಯ ವಿನಯವೆಲ್ಲ ಸುಳ್ಳೆಂದು ಒಪ್ಪಿಕೊಳ್ಳಬೇಕು. ಆ ಮುದುಕಿಯ ಒದ್ದೆ ಕಣ್ಣಿನ ಮುಂದೆ ಅದು ಇಬ್ಬರಿಗೂ ಆಗಲಿಲ್ಲ.

"ಬಹಳ ಒಳ್ಳೇದಾಯ್ತು ಅಮ್ಮಾ," ಎಂದರು ಪಡಿಯಾರರು.

"ತುಂಬಾ ಖುಷಿಯಾಯ್ತು," ಎಂದಳು ಮೃಣಾಲಿನಿ.

ಮೂರು ಹೊಡೆಯಿತು. ರಾಹುಕಾಲ ಮುಗಿಯಿತು, ಅವರಿಬ್ಬರನ್ನು ಬಿಟ್ಟು ಉಳಿದವರಿಗೆಲ್ಲ. ಪ್ರೆಸ್ಸಿನವನು ಮುಖಪುಟ ಒಯ್ದ.

ಪುಸ್ತಕ ಹೊರಬಿದ್ದ ವಾರದೊಳಗೆ ದಿಗ್ಗಜಕುಲದಲ್ಲೆಲ್ಲ ಒಂದೇ ಪ್ರಶ್ನೆ: ಥಾರ್ನ್‌ಬರಿ ಕ್ರೌಚನ್ನೇ ಬಲಕ್ಕೆ ತಳ್ಳಿದ ಈ ಹಂಚಿನಾಳ ಅಂಡ್ ಬ್ರದರ್ಸ್ ಯಾರು? ಸೈಕಲ್ ಅಂಗಡಿಯ ಮುಂದೆ ಕಾರುಗಳು ಸಾಲುಗಟ್ಟಿದವು. ಪಂಚರ್ ಹಾಕಿಸಲು ಬಂದವರಿಗೆ ಜಾಗವಿಲ್ಲದಂತಾಯಿತು. ಹತ್ತನೆಯ ದಿನ ಮೃಣಾಲಿನಿಯ ಫೋನು ಹೊಡೆದುಕೊಂಡಿತು.

"ಅಕ್ಕಾರ, ನಾ ಗುರುಪಾದ ಮಾತಾಡೂದ್ರಿ. ಗದಗಿಂದ ಶೇಂಗಾ ಎಣ್ಣಿ ಕಂಪನಿಯವ್ರು ಬಂದು ಕುಂತಾರ. ಅವ್ರೂ ಷೇರು ಮಾರ್ತಾರಂತ. ನನಗ ಆ ದಪ್ಪ ಪುಸ್ತಕ ಬರಿಯಾಕ ಬರೂದಿಲ್ರಿ. ನೀವು ಬರ್ರಿ. ಆದ್ರ ಹೇಳಾಕ ಒಂಥರಾ ಆಗ್ತೈತಿ..."

"ಏನಪ್ಪಾ, ಹೇಳು."

"ಈ ಯಜಮಾನ್ರೂ ದಾನಮ್ಮಾರಂಗ ಹಳೇ ಮಂದಿ. ನಾ ಪರಿಚಯದಾಂವ ಅಂತ ನನ್ನ ಬಲಕ್ಕ ಹಾಕ್ತಾರಂತ. ನೀವು ಎಡಕ್ಕ ನಿಂದ್ರಬೇಕಾಗ್ತೈತ್ರಿ. ಸಿಟ್ಟಾಗಬ್ಯಾಡ್ರಿ ಅಕ್ಕಾರ."

ಮೈಸೂರಿನ ಆ ಪುಟ್ಟ ಕಚೇರಿಯಲ್ಲಿ ಏಳೂ ಜನ ಕೈಕೆಲಸ ಬಿಟ್ಟು ತಮ್ಮ ನಾಯಕಿಯ ಮುಖ ನೋಡುತ್ತಿದ್ದರು.

"ಪರವಾಗಿಲ್ಲ ಗುರುಪಾದಪ್ಪ," ಎಂದಳು ಅವಳು, ತ್ಯಾಗದ ದನಿಯಲ್ಲಿ. "ಹೇಗೋ ಅಡ್ಜಸ್ಟ್ ಮಾಡ್ಕೋತೀನಿ."

ಮೂರು ತಿಂಗಳಿಗೆ ಅಕ್ರಿಲಿಕ್ ಇಟ್ಟಿಗೆಗಳು ತಯಾರಾದವು. ಮುಂಬಯಿಯಲ್ಲಿ ಪಡಿಯಾರರ ಕಪಾಟಿಗೆ ಅರವತ್ತೈದನೆಯದು ಬಂತು. ಅದು ಪಾರದರ್ಶಕ ವಸ್ತುವಷ್ಟೆ. ಅವರು ಅದನ್ನು ಬೆನ್ನುಮುಂದಾಗಿ ನಿಲ್ಲಿಸಿದ್ದಾರೆ. ಅಕ್ಷರಗಳೆಲ್ಲ ತಿರುಗುಮುರುಗು, ಐರಾವತದ ಗುರುತಾದ ಆನೆಯ ಸೊಂಡಿಲೂ ಆಚೆ ಕಡೆಗೆ. ಆದರೆ ಥಾರ್ನ್‌ಬರಿ ಕ್ರೌಚ್ ಎಡಗಡೆ ಇದೆ.

ಈ ಕಥೆಯನ್ನು ಭಕ್ತಿಯಿಂದ ಓದಿದವರಿಗೆ ಸ್ವರ್ಗ ಸಿಗುವುದೆಂದು ನಾನು ಹೇಳಲಾರೆ. ಸಾರಿಗೆ ಇಂಗು ಹಾಕಿದ್ದೀರಾ ಎಂಬುದು ನೆನಪಾದರೆ ನನ್ನ ಶ್ರಮ ಸಾರ್ಥಕ.

ಹುಬ್ಬಳ್ಳಿಯಲ್ಲಿ ದಾನಮ್ಮನಿಗೂ ಒಂದು ಇಟ್ಟಿಗೆ ಬಂದಿತ್ತು. ಆಕೆ ಅದನ್ನು ತಿರುವಿ ನೋಡಿ, ತೂಗಿ ನೋಡಿ, ಅಡುಗೆಮನೆಗೆ ಒಯ್ದಳು. ಗಟ್ಟಿ ಇಂಗು ಕಲ್ಲಿನಂತಿರುತ್ತದೆ; ಏನಾದರೂ ಭಾರವಾದದ್ದರಿಂದ ಜಜ್ಜಲೇಬೇಕು. ಒಂದು ಮೂಲೆಯಿಂದ ನಾಲ್ಕು ಏಟು ಹಾಕಿದಳು. ಇಂಗು ಪುಡಿಯಾಯಿತು, ಮೂಲೆಯಲ್ಲಿದ್ದ ಹೆಸರೂ ಅರ್ಧ ಪುಡಿಯಾಯಿತು.

"ಛಲೋ ಕಳಿಸ್ಯಾರ ನೋಡವ್ವಾ," ಎಂದಳು ಅಡುಗೆಯವಳಿಗೆ. "ಎಡಗಡಿ ಮೂಲೀಲೆ ಜಜ್ಜು. ಅದಕ್ಕಂತನ ಮಾಡಿದಂಗ ಐತಿ."