ಭಾವಮೈದುನನ ವಿಳಾಸಕ್ಕೆ ಬೀಗ

ನಾಲ್ಕು ದಿನಕ್ಕೆಂದು ಬಂದ ನನ್ನ ಭಾವಮೈದುನ ಈಗ ನಮ್ಮ ಸೋಫಾದಲ್ಲಿ ಬೇರು ಬಿಟ್ಟಿದ್ದಾನೆ. ಭಾನುವಾರ ಹೊರಡುತ್ತೇನೆ ಎನ್ನುತ್ತಾನೆ. ಯಾವ ಭಾನುವಾರ ಎನ್ನುವುದಿಲ್ಲ. ಅವನು ಉಂಡದ್ದಕ್ಕೆ ನನ್ನ ತಕರಾರಿಲ್ಲ. ಮನೆಯ ಇಂಟರ್ನೆಟ್ಟನ್ನು ಒಂದೇ ಗುಟುಕಿಗೆ ಆಪೋಶನ ತೆಗೆದುಕೊಳ್ಳುತ್ತಾನಲ್ಲ, ಅದಕ್ಕೆ.

ನನ್ನಾಕೆಗೆ ಗಾಯನ ಸ್ಪರ್ಧೆಯ ಕೊನೆಯ ಸುತ್ತು. ತೀರ್ಪುಗಾರರು ಎಲ್ಲೋ ದೂರದಲ್ಲಿ, ಇವಳು ಟ್ಯಾಬ್ಲೆಟ್ ಮುಂದೆ. ಹಿಂದಿನ ಸುತ್ತಿನಲ್ಲಿ ಇವಳ ತಮ್ಮ ಸಿನಿಮಾ ಇಳಿಸಿಕೊಳ್ಳುತ್ತಿದ್ದುದರಿಂದ ಅಕ್ಕನ ಆಲಾಪ ಅವರಿಗೆ ಬಿಕ್ಕಳಿಕೆಯಾಗಿ ತಲುಪಿತ್ತು.

"ರೀ, ಈ ಸಲ ನನ್ನ ಹಾಡು ನಿಂತ್ರೆ ಒಲೇನೂ ನಿಲ್ಲುತ್ತೆ."

"ನಿನ್ನ ತಮ್ಮನಿಗೆ ಹೇಳು."

"ಪಾಪ, ಅವನಿಗೇನು ಗೊತ್ತಾಗುತ್ತೆ? ಜೀವನವೆಲ್ಲಾ ಕಂಪ್ಯೂಟರ್ ಕುಟ್ಟಿದವರು ನೀವಲ್ವಾ?"

ಪೌರುಷ ಕೆರಳಿತು. ಶೆಲ್ ಸ್ಕ್ರಿಪ್ಟ್ ಬರೆಯಲು ಕೂತೆ. (ಅಂದರೆ, ಕಂಪ್ಯೂಟರಿಗೆ ಕೊಡುವ ಅಪ್ಪಣೆಗಳನ್ನು ಒಂದರ ಕೆಳಗೊಂದು ಬರೆದಿಡುವುದು. ನಮ್ಮ ಮನೆಯಲ್ಲಿ ಇದೇ ಕೆಲಸ ನನ್ನ ಮೇಲೆ ಬಾಯಿಮಾತಿನಲ್ಲೇ ನಡೆಯುತ್ತದೆ.) ಮನೆಯ ಪ್ರತಿ ಯಂತ್ರಕ್ಕೂ ಒಂದು ವಿಳಾಸ: 192.168.1 ಎಂಬುದು ಬೀದಿ, ಅದರ ಮುಂದಿನ ಸಂಖ್ಯೆ ಬಾಗಿಲು. ಭಾವಮೈದುನನ ಫೋನಿನದು 2. 'ಈ ಬೀದಿಯ ಮುಂದೆ 2 ಕಂಡರೆ ಕತ್ತು ಹಿಡಿದು ಹೊರಗೆ ಹಾಕು' ಎಂದು ಬರೆದಿಟ್ಟೆ. ಶುಭಕಾರ್ಯಕ್ಕೆ ಮುಂಚೆ ಇರಲಿ ಎಂದು, ಈ ಬಾಗಿಲುಗಳನ್ನು ಹಂಚುವ ರೂಟರಿನ ಧೂಳು ಒರೆಸಿ, ಒಮ್ಮೆ ಆಫ್ ಮಾಡಿ ಆನ್ ಮಾಡಿದೆ.

ಇವಳು ಪಲ್ಲವಿ ಮುಗಿಸಿ ದನಿ ಏರಿಸಿದಳು. ಸೋಫಾದಿಂದ ಢಂ ಢಂ ಎಂದು ಗುಂಡಿನ ಸದ್ದು, ಸಿನಿಮಾ ಶುರು! ಬ್ರಹ್ಮಾಸ್ತ್ರ ಬಿಡುವವನ ಗತ್ತಿನಲ್ಲಿ ಗುಂಡಿ ಒತ್ತಿದೆ.

ಹಾಡು ನಿಂತಿತು. ಗುಂಡು ನಿಲ್ಲಲಿಲ್ಲ.

"ರೀ...!"

ಆ ಸ್ವರ ಸಪ್ತಸ್ವರಗಳಲ್ಲಿಲ್ಲ.

ಆಗ ಹೊಳೆಯಿತು. '2, ಅಲ್ಲಿಗೆ ಮುಗಿಯಿತು' ಎಂದು ಬರೆಯುವುದನ್ನೇ ಮರೆತಿದ್ದೆ. 2ರಿಂದ ಶುರುವಾದವರೆಲ್ಲ ಬೀದಿಪಾಲು: ಇವಳ ಟ್ಯಾಬ್ಲೆಟ್ 20, ನನ್ನ ಕಂಪ್ಯೂಟರ್ 21. ಅವೆರಡೂ ಅಲುಗಾಡದಂತೆ ನಾನೇ ಕಟ್ಟಿಹಾಕಿದ್ದ ಸಂಖ್ಯೆಗಳು. ಭಾವಮೈದುನನಿಗೆ ಮಾತ್ರ, ರೂಟರ್ ಆಫ್ ಆಗಿ ಆನ್ ಆದಾಗ ಹೊಸ ಬಾಗಿಲು ಸಿಕ್ಕಿತ್ತು: 5! ತಿದ್ದೋಣವೆಂದರೆ ನನಗೇ ಒಳಗೆ ಪ್ರವೇಶವಿಲ್ಲ. ಕೂತ ಕೊಂಬೆ ಕಡಿದುಕೊಂಡು ಬಿದ್ದವನ ತಲೆಗೆ ಕೊಡಲಿಯೂ ಬಿದ್ದಂತಾಯಿತು.

"ಯಾಕಕ್ಕಾ, ನಿಂತೋಯ್ತಾ? ನನ್ನ ಫೋನಲ್ಲಿ ಚೆನ್ನಾಗೇ ಬರ್ತಿದೆಯಲ್ಲಾ. ತಗೋ, ಇದರಲ್ಲಿ ಹಾಡು."

ಹಾಡಿದಳು. ಗೆದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೋಡಿದ್ರಾ? ಅವನು ಇದ್ದದ್ದಕ್ಕೆ ನನ್ನ ಮಾನ ಉಳೀತು."

"ಭಾನುವಾರ ಹೊರಟಿದ್ದನಲ್ಲ..."

"ಎಲ್ಲಿಗೂ ಹೋಗಲ್ಲ. ಇನ್ಮೇಲೆ ರೂಟರ್ ಅವನ ಕೈಲೇ ಇರಲಿ."

ಹೊಸ ರೂಟರಾಧಿಪತಿ ಸೋಫಾದಲ್ಲಿ ಕಾಲು ಚಾಚಿದ. "ಯೋಚನೆ ಮಾಡ್ಬೇಡಿ ಭಾವ, ನಿಮ್ಮನ್ನೂ ಒಳಗೆ ಬಿಡ್ತೀನಿ. ಈ ಸಿನಿಮಾ ಒಂದು ಮುಗೀಲಿ."

ಅದಕ್ಕೆ ಏಳು ಭಾಗಗಳಿವೆಯಂತೆ.