ಕಾದು ಕಳೆದುಕೊಂಡ ಕಾಸುಗಳು

ಹಳೇ ನಾಣ್ಯ ಕೂಡಿಡುವ ಹುಚ್ಚಿರುವವನಿಗೆ, ಸಿಕ್ಕಿದ ನಾಣ್ಯಗಳ ಬಗ್ಗೆ ಹೇಳಿಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಅವು ಡಬ್ಬಿಯಲ್ಲಿ ತಮ್ಮ ಪಾಡಿಗೆ ತಾವು ಬಿದ್ದಿರುತ್ತವೆ. ಹೇಳುವಂಥದ್ದೆಲ್ಲ ನಡೆಯುವುದು ಇನ್ನೇನು ಕೈಗೆ ಬಂತು ಅನ್ನುವಾಗ ತಪ್ಪಿಹೋದವುಗಳ ವಿಷಯದಲ್ಲಿ. ನನಗಂತೂ ಅಂಥದ್ದು ಒಂದಾದ ಮೇಲೊಂದು ಆಗುತ್ತಲೇ ಬಂದಿದೆ.

ನಾನು ಗುಬ್ಬಿ ತಾಲ್ಲೂಕಿನಲ್ಲಿ ದನದ ಆಸ್ಪತ್ರೆ ಕಾಂಪೌಂಡರ್ ಆಗಿದ್ದವನು. ಈಗ ರಿಟೈರ್ ಆಗಿ ತುಮಕೂರಿನಲ್ಲಿ ಮಗಳ ಜೊತೆ ಇದ್ದೇನೆ. ಹಳ್ಳಿಯವರಿಗೆ ಡಾಕ್ಟರು, ಕಾಂಪೌಂಡರು ಅನ್ನುವ ಭೇದ ಇಲ್ಲ, ಸೂಜಿ ಹಿಡಿದು ಬಂದವರೆಲ್ಲ ಡಾಕ್ಟ್ರೇ. ಮನೆಮನೆ ತಿರುಗುವ ಕೆಲಸವಾದ್ದರಿಂದ ಕೊಟ್ಟಿಗೆಯಲ್ಲಿ ಹಸುವನ್ನು ನೋಡುತ್ತಲೇ ಒಂದು ಕಣ್ಣು ಆ ಮನೆಯ ದೇವರ ಗೂಡಿನ ಕಡೆ ಹೋಗುತ್ತಿತ್ತು, ಅರಿಸಿನ ಕುಂಕುಮದ ನಡುವೆ ಹಳೇ ಕಾಸೇನಾದರೂ ಇದೆಯಾ ಅಂತ. ಇದ್ದರೂ ಬಾಯಿಬಿಟ್ಟು ಕೇಳುವ ಜಾಯಮಾನ ನನ್ನದಲ್ಲ. ತಾಳ್ಮೆಯಿಂದ ಇದ್ದರೆ ತಾನಾಗಿ ಬರುತ್ತದೆ ಅಂತ ನಂಬಿಕೊಂಡಿದ್ದವನು.

ತಟ್ಟೆಯ ಬಾಳೆಹಣ್ಣು

ಸಿ.ಎಸ್. ಪುರದ ಹತ್ತಿರ ಒಂದು ಹಳ್ಳಿಯಲ್ಲಿ ಹಸುವೊಂದು ಕರು ಹಾಕಲಾರದೆ ಒದ್ದಾಡುತ್ತಿತ್ತು. ಅರ್ಧ ದಿನ ಹೆಣಗಿ ಕರುವನ್ನು ಹೊರಗೆ ತೆಗೆದೆ. ತಾಯಿಯೂ ಉಳಿಯಿತು, ಕರುವೂ ಉಳಿಯಿತು. ಮನೆಯೊಡತಿಗೆ ಹಿಡಿಸಲಾರದಷ್ಟು ಸಂತೋಷ. ಒಳಗಿಂದ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಬಂದಳು. ಹಣ್ಣಿನ ಮೇಲೆ ಒಂದು ತಾಮ್ರದ ಕಾಸು. ಮೈಸೂರು ಅರಸರ ಕಾಲದ್ದು, ಸಿಂಹದ ಗುರುತು ದೂರದಿಂದಲೇ ಕಾಣುತ್ತಿತ್ತು.

"ನಮ್ಮತ್ತೆಯೋರು ಇಟ್ಟಿದ್ದು ಡಾಕ್ಟ್ರೇ. ನಿಮಗೆ ಹಳೇವು ಅಂದ್ರೆ ಆಸೆಯಂತಲ್ಲ, ತಗಳಿ," ಅಂದಳು.

ನೋಡಿ, ಕೇಳದೇ ಬಂದಿತ್ತು. ಆದರೆ ನನ್ನ ಕೈ ಮೊಣಕೈವರೆಗೂ ರಕ್ತ, ಲೋಳೆ. ಅಂಥ ಕೈಯಲ್ಲಿ ಅಂಥ ಕಾಸು ಮುಟ್ಟುವುದೇ? "ಇಟ್ಟಿರಿ ತಾಯಿ, ಕೈ ತೊಳ್ಕೊಂಡು ಬರ್ತೀನಿ," ಅಂದೆ. ಅವಳು ತಟ್ಟೆಯನ್ನು ಅಲ್ಲೇ ಹುಲ್ಲು ಹಾಕುವ ಕಟ್ಟೆಯ ಮೇಲಿಟ್ಟಳು. ನಾನು ಸೋಪು ಹಚ್ಚಿ, ಉಗುರೆಲ್ಲ ಉಜ್ಜಿ, ಟವೆಲಿನಲ್ಲಿ ಒರೆಸಿಕೊಂಡು ತಿರುಗುವಷ್ಟರಲ್ಲಿ ಆ ಬಾಣಂತಿ ಹಸು ತಟ್ಟೆ ಖಾಲಿ ಮಾಡಿ ಅಂಚು ನೆಕ್ಕುತ್ತಿತ್ತು.

ಹಸು ನುಂಗಿದ ಲೋಹ ಅದರ ಎರಡನೇ ಹೊಟ್ಟೆಯಲ್ಲಿ ತಳ ಹಿಡಿದು ಕೂತುಬಿಡುತ್ತದೆ, ಸಗಣಿಯಲ್ಲಿ ಬರುವುದು ಬಹಳ ಅಪರೂಪ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆಸೆ ಕೇಳಬೇಕಲ್ಲ. ಆ ಕಡೆ ಹೋದಾಗಲೆಲ್ಲ ಬಾಣಂತಿ ಹಸು ನೋಡುವ ನೆಪದಲ್ಲಿ ಕೊಟ್ಟಿಗೆಗೆ ನುಗ್ಗಿ ಕಡ್ಡಿಯಲ್ಲಿ ಸಗಣಿ ಕೆದಕುತ್ತಿದ್ದೆ. ಮನೆಯ ಯಜಮಾನ ಇದನ್ನು ಊರೆಲ್ಲ ಹೊಗಳಿದ. ಆಮೇಲೆ ದಾರಿಯಲ್ಲಿ ಒಬ್ಬೊಬ್ಬರೂ ನಿಲ್ಲಿಸತೊಡಗಿದರು. "ಡಾಕ್ಟ್ರೇ, ನಮ್ಮನೇದೂ ಸಗಣಿ ಒಂಚೂರು ನೋಡ್ಬುಡಿ."

ಕೊನೆಗೊಂದು ದಿನ ಹೋದರೆ ಗೂಟ ಖಾಲಿ. ಗುಬ್ಬಿ ಸಂತೆಯಲ್ಲಿ ಮಾರಿದ್ದರು. ನನ್ನ ಮುಖ ನೋಡಿ ಯಜಮಾನನ ಕಣ್ಣಲ್ಲೂ ನೀರು ಬಂತು.

"ನಿಮಗೊಂದ್ ಮಾತು ಹೇಳ್ಬೇಕಾಗಿತ್ತು ಡಾಕ್ಟ್ರೇ. ಅಷ್ಟು ಹಚ್ಕೊಂಡಿದ್ರಿ."

"ಯಾರಿಗೆ ಕೊಟ್ರಿ?"

"ಯಾರೋ ಗೊತ್ತಿಲ್ಲ. ಆದ್ರೆ ಒಳ್ಳೇ ವ್ಯಾಪಾರಸ್ಥ. ಹಸು ನೋಡೋಕೆ ಸಣಕಲು ಕಂಡ್ರೂ ಒಳಗೆ ಒಳ್ಳೇ ಸರಕೈತೆ ಅಂದ."

ಹುಣಸೆಹಣ್ಣು

ತುಮಕೂರಿನ ಒಂದು ಕಲ್ಯಾಣ ಮಂಟಪದಲ್ಲಿ ಹಳೇ ನಾಣ್ಯ, ಅಂಚೆಚೀಟಿಗಳ ಪ್ರದರ್ಶನ ಏರ್ಪಾಡಾಯಿತು. ಅದರಲ್ಲಿ ಒಂದು ಮೇಜು ಸಿಗಲಿ ಅಂತ ನಾನು ವರ್ಷಗಟ್ಟಲೆ ಕಾದಿದ್ದೆ. ಸಿಕ್ಕಿತು. ದೊಡ್ಡ ದೊಡ್ಡ ವ್ಯಾಪಾರಿಗಳು ಬೆಂಗಳೂರಿನಿಂದ ಬರುತ್ತಾರೆ, ನನ್ನ ಸಂಗ್ರಹ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ ಅಂತ ಹಿಗ್ಗಿಕೊಂಡು, ಪ್ರದರ್ಶನದ ಹಿಂದಿನ ದಿನ ಲಸಿಕೆ ಕ್ಯಾಂಪಿಗೆ ಹೋದೆ.

ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಬಿಳೀ ಪಂಚೆ ಹಾಸಿದೆ, ಅದರ ಮೇಲೆ ನನ್ನ ಕಾಸುಗಳೆಲ್ಲ ಫಳಫಳ ಹೊಳೆಯುತ್ತಿವೆ. ಪಕ್ಕದಲ್ಲಿ ನನ್ನ ಹೆಂಡತಿ. ಮುಂದೆ ಹುಣಸೆಹಣ್ಣಿನ ಬಟ್ಟಲು. ಬೆಳಗಿನಿಂದ ಉಜ್ಜಿ ಉಜ್ಜಿ ಅವಳ ಬೆರಳ ತುದಿಯೆಲ್ಲ ಸುಲಿದು ಬೆಳ್ಳಗಾಗಿತ್ತು.

"ಅಷ್ಟು ಜನ ನೋಡೋಕೆ ಬರ್ತಾರೆ. ಕಿಲುಬು ಹಿಡಿದಿದ್ದು ಇಟ್ರೆ ಮರ್ಯಾದೆ ಏನಾಗುತ್ತೆ?" ಅಂದಳು.

ಹಳೇ ತಾಮ್ರಕ್ಕೆ ಬೆಲೆ ಬರುವುದೇ ಅದರ ಮೇಲೆ ಕಾಲ ಕಟ್ಟಿದ ಕಪ್ಪಿನಿಂದ. ಅದು ಹೋದರೆ ಅರ್ಧ ಪ್ರಾಣ ಹೋದ ಹಾಗೆ. ಹೇಳಬೇಕು ಅಂತ ಬಾಯಿ ತೆರೆದೆ. ಅವಳ ಬೆರಳು ನೋಡಿ, "ಚೆನ್ನಾಗಿದೆ," ಅಂದೆ.

ಮಾರನೇ ದಿನ ಅವಳೂ ರೇಷ್ಮೆ ಸೀರೆ ಉಟ್ಟು ಬಂದು ಮೇಜಿನ ಹಿಂದೆ ನಿಂತಳು. ಬೆಂಗಳೂರಿನ ವ್ಯಾಪಾರಿಗಳು ಬರುವುದು, ನೋಡುವುದು, ನಕ್ಕು ಮುಂದೆ ಹೋಗುವುದು. ಪಕ್ಕದ ಮೇಜಿನಲ್ಲಿ ಕುಣಿಗಲ್‌ನ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರೊಬ್ಬರು ಕೂತಿದ್ದರು. ಅವತ್ತೇ ಮೊದಲ ಪರಿಚಯ. ಅವರು ಎದ್ದು ಬಂದು ಕನ್ನಡಕ ಮೇಲೇರಿಸಿ ನೋಡಿ, "ಇವೇನ್ ಸ್ವಾಮಿ, ನಿನ್ನೆ ಮಾಡಿಸಿದ ಹಾಗಿವೆ?" ಅಂದರು.

ನಾನು ತಲೆ ತಗ್ಗಿಸಿದೆ. ಹೆಂಡತಿ ಮುಂದೆ ಬಂದು, "ಹೌದು ಸಾರ್, ನಿನ್ನೆ ಪೂರ್ತಿ ನಾನೇ ಕೂತು ಉಜ್ಜಿದ್ದು," ಅಂದಳು.

ಮೇಷ್ಟ್ರು ನನ್ನ ಮುಖ ನೋಡಿದರು, ಅವಳ ಕೈ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು ಅಂತ ಕಾಣುತ್ತದೆ. "ಇಡೀ ಹಾಲ್‌ನಲ್ಲಿ ಇಷ್ಟು ಶುದ್ಧವಾಗಿರೋ ಮೇಜು ಇನ್ನೊಂದಿಲ್ಲ ತಾಯಿ," ಅಂದರು. ಅವಳು ಆ ಮಾತನ್ನು ಬಹಳ ದಿನ ಬಂದವರಿಗೆಲ್ಲ ಹೇಳಿದಳು.

ಬಹಳ ದಿನ ಅಂದರೂ ಅವಳಿಗೆ ಉಳಿದಿದ್ದೇ ಸ್ವಲ್ಪ ದಿನ. ಹೊಟ್ಟೆನೋವು ಅಂತ ಶುರುವಾಗಿದ್ದು ಕೈಮೀರಿ ಹೋಯಿತು. ಈಗ ಆ ಕಾಸುಗಳು ನಿಧಾನವಾಗಿ ಮತ್ತೆ ಕಪ್ಪಾಗುತ್ತಿವೆ. ನಾಣ್ಯ ಕೂಡಿಡುವವನು ಖುಷಿಪಡಬೇಕಾದ ವಿಷಯ. ನನಗೆ ಡಬ್ಬಿ ತೆರೆಯಲು ಸಂಕಟ. ಮೊನ್ನೆ ಮನಸ್ಸು ತಡೆಯದೆ ಅಡುಗೆಮನೆಯಿಂದ ಒಂದು ಉಂಡೆ ಹುಣಸೆಹಣ್ಣು ತಂದು ಕೂತು ಉಜ್ಜುತ್ತಿದ್ದೆ. ಮಗಳು ಬಂದು ನೋಡಿದಳು.

"ಅಪ್ಪ, ಅಮ್ಮ ಉಜ್ಜಿದಾಗ ಒಂದು ವಾರ ಸರಿಯಾಗಿ ಊಟ ಮಾಡ್ಲಿಲ್ಲ ನೀವು."

"ಹೌದು."

"ಸರಿ, ಉಜ್ಜಿ. ಸಾರಿಗೆ ಒಂಚೂರು ಉಳಿಸಿ."

ಟ್ರ್ಯಾಕ್ಟರ್ ನೋಟು

ನಮ್ಮ ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು ಹೂ ಮಾರುತ್ತಾಳೆ. ಒಂದು ದಿನ ಆಕೆ ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಳೇ ಐದು ರೂಪಾಯಿ ನೋಟು ತೋರಿಸಿದಳು. ಟ್ರ್ಯಾಕ್ಟರ್ ಚಿತ್ರ ಇರುವಂಥದ್ದು.

"ಅಣ್ಣ, ಇದಕ್ಕೆ ಲಕ್ಷಗಟ್ಲೆ ಕೊಡ್ತಾರಂತೆ. ಮೊಬೈಲಲ್ಲಿ ಬಂದೈತೆ. ಫೋನ್ ಮಾಡಿದ್ದೆ, ಮೊದ್ಲು ಖರ್ಚಿಗೆ ಅಂತ ಸ್ವಲ್ಪ ದುಡ್ಡು ಕಳ್ಸಿ ಅಂದವ್ರೆ."

ಆ ಲಕ್ಷವನ್ನು ಆಕೆ ಆಗಲೇ ಮನಸ್ಸಿನಲ್ಲೇ ಹಂಚಿಬಿಟ್ಟಿದ್ದಳು. ಮಗಳ ನರ್ಸಿಂಗ್ ಓದು, ತನ್ನ ಮಂಡಿ ಆಪರೇಷನ್ನು, ಒಳಗೇ ನಲ್ಲಿ ಇರುವಂಥ ಒಂದು ಬಾಡಿಗೆ ಮನೆ. ಹೇಳುವಾಗ ಮುಖ ಎಷ್ಟು ಅರಳಿತ್ತು ಅಂದರೆ, ನಿಜ ಹೇಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅದು ಮೋಸ ಕಣಮ್ಮ. ಕಳ್ಸಿದ್ ದುಡ್ಡು ಹೋಗುತ್ತೆ ಅಷ್ಟೇ. ಇಂಥ ನೋಟು ಬೇಕಾದಷ್ಟಿವೆ, ಇದಕ್ಕೆ ಐದೇ ರೂಪಾಯಿ."

ಆಕೆ ನೋಟನ್ನು ಮತ್ತೆ ಸುತ್ತಿ ಗಂಟು ಹಾಕಿಕೊಂಡಳು. ದುಡ್ಡು ಕಳಿಸಲಿಲ್ಲ, ಸದ್ಯ. ಆದರೆ ಅವತ್ತಿನಿಂದ ನನಗೆ ಹೂ ಅಳೆದುಕೊಡುವಾಗ ಸೆರಗನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಿದ್ದಳು. ಯಾಕೆ ಅಂತ ತಿಳಿಯಲಿಲ್ಲ. ಪಕ್ಕದ ಮನೆಯಾಕೆ ನಗುತ್ತಾ ನನ್ನ ಮಗಳಿಗೆ ಹೇಳಿದಾಗ ತಿಳಿಯಿತು. ನಾನು ದಿನಾ ಹೂ ತರುವುದು ಹೆಂಡತಿಯ ಫೋಟೋಕ್ಕೆ. ಹೂವಿನವಳು ಬೀದಿಗೆಲ್ಲ ಹೇಳಿದ್ದು ಹೀಗಂತೆ:

"ಗಂಡಸಿಗೆ ದಿನಾ ಮೊಳ ಮಲ್ಲಿಗೆ ಯಾಕೆ ಬೇಕು? ನೋಟು ಇನ್ನೂ ನನ್ನತ್ರ ಐತಾ ಅಂತ ನೋಡ್ಕೊಂಡು ಹೋಗೋಕೆ ಬರ್ತಾನೆ. ಐದೇ ರೂಪಾಯಿದಾಗಿದ್ರೆ ಆವಯ್ಯ ಹಿಂಗ್ ಕಾಯ್ತಿದ್ನಾ?"

ಎದುರು ಬದುರು

ಪ್ರದರ್ಶನದಲ್ಲಿ ಪರಿಚಯವಾದರಲ್ಲ, ಆ ಡ್ರಾಯಿಂಗ್ ಮೇಷ್ಟ್ರು, ಅವರು ಆಮೇಲೆ ನನ್ನ ಆಪ್ತ ಸ್ನೇಹಿತರಾದರು. ಹೆಂಡತಿ ಹೋದ ಮೇಲೆ ಭಾನುವಾರ ಮನೆಯಲ್ಲಿರಲು ಆಗುತ್ತಿರಲಿಲ್ಲ. ತುಮಕೂರಿನಿಂದ ಬಸ್ ಹತ್ತಿ ಕುಣಿಗಲ್‌ಗೆ ಹೋಗುತ್ತಿದ್ದೆ. ಮೇಷ್ಟ್ರಿಗೂ ಹೆಂಡತಿ ಇರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಇಡ್ಲಿ ತಿಂದು, ಕಾಫಿ ಕುಡಿದು, ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ ಬರುತ್ತಿದ್ದೆವು.

ನಮ್ಮಿಬ್ಬರ ನಡುವೆ ಒಂದು ವಿಷಯ ಇತ್ತು. ನನ್ನ ಹತ್ತಿರ ಆನೆಯ ಗುರುತಿನ ಹಳೇ ತಾಮ್ರದ ಕಾಸು ಎರಡಿದ್ದವು, ಎರಡರಲ್ಲೂ ಆನೆ ಎಡಕ್ಕೆ ಮುಖ ಮಾಡಿತ್ತು. ಮೇಷ್ಟ್ರ ಹತ್ತಿರವೂ ಎರಡಿದ್ದವು, ಎರಡೂ ಬಲಕ್ಕೆ. ಒಂದೊಂದು ಬದಲಾಯಿಸಿಕೊಂಡರೆ ಇಬ್ಬರಿಗೂ ಎದುರು ಬದುರು ನಿಂತ ಜೋಡಿ ಆಗುತ್ತಿತ್ತು. ಇದು ನನಗೂ ಗೊತ್ತು, ಅವರಿಗೂ ಗೊತ್ತು. ಮೊದಲು ಕೇಳುವವರು ಯಾರು? ಅವರೇ ಕೇಳಲಿ ಅಂತ ನಾನು. ಪ್ರತಿ ಭಾನುವಾರ ಹೊರಡುವಾಗ ಒಂದು ಆನೆಯನ್ನು ಅಂಗಿ ಜೇಬಿಗೆ ಹಾಕಿಕೊಂಡೇ ಹೋಗುತ್ತಿದ್ದೆ. ಹೋಟೆಲಿನಲ್ಲಿ ಮಾತು ಮಾತ್ರ ಹೀಗೆ ನಡೆಯುತ್ತಿತ್ತು.

"ಆನೆಗಳು ಹೇಗಿವೆ ಮೇಷ್ಟ್ರೇ?"

"ಚೆನ್ನಾಗಿವೆ ಕಾಂಪೌಂಡರೇ. ನಿಮ್ಮವು?"

"ಚೆನ್ನಾಗಿವೆ."

ಅಷ್ಟೇ. ಮುಂದಕ್ಕೆ ಹೋಗುತ್ತಿರಲಿಲ್ಲ. ಮೇಷ್ಟ್ರಿಗೆ ಕೇಳಲಿ ಅಂತ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತಿದ್ದೆ. ವರ್ಷಗಟ್ಟಲೆ ಇದನ್ನೇ ಕೇಳಿಸಿಕೊಂಡ ಹೋಟೆಲಿನ ಸಪ್ಲೈಯರ್ ಒಂದು ದಿನ ಧೈರ್ಯ ಮಾಡಿ, "ಸಾರ್, ಆನೆ ಸಾಕೋಕೆ ಫಾರೆಸ್ಟ್‌ನೋರು ಪರ್ಮಿಷನ್ ಕೊಡ್ತಾರಾ?" ಅಂತ ಕೇಳಿದ.

ಒಂದು ಬುಧವಾರ ಮೇಷ್ಟ್ರ ಮಗಳು ಫೋನ್ ಮಾಡಿದಳು. ಆಕೆ ಅಲ್ಲೇ ಸ್ಕೂಲಿನಲ್ಲಿ ಟೀಚರ್. ಬೆಳಿಗ್ಗೆ ಪೇಪರ್ ಓದುತ್ತಾ ಕೂತ ಮೇಷ್ಟ್ರು ಕೂತ ಹಾಗೇ ಹೋಗಿದ್ದರು. ಹೋದೆ, ಮಣ್ಣು ಹಾಕಿ ಬಂದೆ. ತಿಥಿಗೂ ಹೋಗಿ ಊಟ ಮಾಡಿ ಬಂದೆ. ಕಾಸಿನ ಮಾತು ಎತ್ತಲಿಲ್ಲ. ಸಾವಿನ ಮನೆಯಲ್ಲಿ ಅಂಥ ಮಾತು ಆಡುತ್ತಾರೆಯೇ? ಇನ್ನೊಂದಿಷ್ಟು ದಿನ ಹೋಗಲಿ ಅಂತ ತಡೆದುಕೊಂಡೆ.

ಆಮೇಲೊಂದು ಭಾನುವಾರ ಹೋದೆ. ಮಗಳು ಕಾಫಿ ಕೊಟ್ಟು ಎದುರಿಗೆ ಕೂತಳು.

"ಅಂಕಲ್, ಅಪ್ಪನ ಕಾಸೆಲ್ಲ ಹುಲಿಯೂರುದುರ್ಗದ ಹತ್ರ ನಮ್ಮ ಮನೆದೇವರ ಗುಡಿಗೆ ಕೊಟ್ಬಿಟ್ಟೆ. ಹೊಸ ಗಂಟೆ ಮಾಡಿಸ್ತೀವಿ, ತಾಮ್ರ ಹಿತ್ತಾಳೆ ಏನಿದ್ರೂ ಕೊಡಿ ಅಂತ ಬಂದಿದ್ರು. ನಿಮ್ಮನ್ನ ಒಂದ್ಮಾತು ಕೇಳೋಣ ಅಂತಿದ್ದೆ. ತಿಥಿ ದಿನಾನೂ ನೀವು ಏನೂ ಕೇಳ್ಲಿಲ್ಲ. ಬೇಡವೇನೋ ಅಂದ್ಕೊಂಡೆ."

ನಾನು ಲೋಟ ಕೆಳಗಿಟ್ಟೆ. "ಆನೆದೂ ಕೊಟ್ಯೇನಮ್ಮ?"

"ಅದನ್ನೂ ಕೊಟ್ಟೆ ಅಂಕಲ್, ಮನಸ್ಸಿಲ್ಲದ ಮನಸ್ಸಿಂದ. ಪ್ರತಿ ಭಾನುವಾರ ನೀವು ಬರೋ ಹೊತ್ತಿಗೆ ಅಪ್ಪ ಅದರಲ್ಲಿ ಒಂದನ್ನ ಜೇಬಿಗೆ ಹಾಕ್ಕೊಳ್ತಿದ್ರು. ಕೊಟ್ಬಿಡಪ್ಪ ಅಂತ ಎಷ್ಟೋ ಸಲ ಹೇಳಿದೀನಿ. 'ಕೊಟ್ಬಿಡ್ತೀನಿ. ಆದರೆ ಕೊಟ್ಟ ಮೇಲೆ ಕಾಂಪೌಂಡರು ಭಾನುವಾರ ಬರ್ತಾರೋ ಇಲ್ವೋ' ಅಂತಿದ್ರು."

ಕಾಫಿ ಆರಿತ್ತು, ಹಾಗೇ ಕುಡಿದೆ. ನನ್ನ ಜೇಬಿನಲ್ಲಿದ್ದ ಆನೆಯನ್ನು ತೆಗೆದು ಆಕೆಯ ಕೈಯಲ್ಲಿಟ್ಟು, "ಇದು ನಿಮ್ಮಪ್ಪಂಗೆ ಕೊಡ್ಬೇಕಾಗಿದ್ದು," ಅಂತ ಹೇಳಿ ಎದ್ದೆ.

ಅಲ್ಲಿಂದ ನೇರ ಹುಲಿಯೂರುದುರ್ಗದ ಬಸ್ ಹತ್ತಿ ಗುಡಿಗೆ ಹೋದೆ. ಗುಡಿಯ ಉಸ್ತುವಾರಿ ನೋಡಿಕೊಳ್ಳುವವರು ಬಹಳ ಆದರದಿಂದ ಮಾತಾಡಿಸಿದರು. ಲೋಹವೆಲ್ಲ ಕರಗಿ, ಗಂಟೆಯಾಗಿ, ಅವತ್ತೇ ಬೆಳಿಗ್ಗೆ ತೂಗುಹಾಕಿಯಾಗಿತ್ತು. "ಒಳ್ಳೇ ನಾದ ಬಂದಿದೆ, ಹೊಡೆದು ನೋಡಿ," ಅಂದರು. ಹೊಡೆದೆ. ಒಳ್ಳೇ ನಾದವೇ.

ಈಗ ನನ್ನ ಭಾನುವಾರಗಳು ಆ ಗುಡಿಯಲ್ಲೇ. ಒಳಗೆ ಹೋಗಿ ಮಂಗಳಾರತಿ ತಗೊಳ್ಳುವುದಕ್ಕಿಂತ ಗಂಟೆಯ ಕೆಳಗೆ ನಿಲ್ಲುವುದೇ ಹೆಚ್ಚು. ಒಂದು ಸಲ ಹೊಡೆಯುತ್ತೇನೆ, ನಾದ ಪೂರ್ತಿ ನಿಲ್ಲುವವರೆಗೂ ಕಾಯುತ್ತೇನೆ, ಮತ್ತೆ ಹೊಡೆಯುತ್ತೇನೆ. ಪೂಜಾರಿ ಬಹಳ ದಿನ ಸಹಿಸಿಕೊಂಡರು. ಹೋದ ವಾರ ಹೊರಗೆ ಬಂದು ಮೆಲ್ಲಗೆ, "ಯಜಮಾನ್ರೇ, ಒಂದ್ಸಲ ಹೊಡೆದ್ರೆ ಸಾಕು. ದೇವರಿಗೆ ಕೇಳ್ಸುತ್ತೆ," ಅಂದರು.

"ದೇವರಿಗೆ ಕೇಳ್ಸುತ್ತೆ ಸ್ವಾಮಿ," ಅಂದೆ, "ನಮ್ಮ ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ."