ಹಾರ್ಮೋನ್ ಇಲ್ಲದ ವಂಶ

ತುಮಕೂರಿನ ಉಪ್ಪಾರಹಳ್ಳಿಯ ಒಂದು ಹೆಂಗಸರ ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷದಿಂದ ನರ್ಸಾಗಿದೀನಿ. ಮಕ್ಕಳಾಗಿಲ್ಲ ಅಂತ ಅಳುತ್ತಾ ಬರೋರ ಮಧ್ಯೆ ನನ್ನನ್ನ ನಗಿಸೋರೂ ಬಂದೇ ಬರ್ತಾರೆ. ಗುಬ್ಬಿಯ ಈ ಅತ್ತೆ-ಸೊಸೆ ಎರಡನ್ನೂ ಮಾಡಿದ್ರು.

ರಕ್ತ ಪರೀಕ್ಷೆ

ಸೊಸೆಗೆ ಮದುವೆಯಾಗಿ ನಾಲ್ಕು ವರ್ಷ. ಮುಟ್ಟು ಒಂದ್ಸಲ ನಲವತ್ತು ದಿನಕ್ಕೆ, ಇನ್ನೊಂದ್ಸಲ ಮೂರು ತಿಂಗಳಿಗೆ. ಬಿಪಿ ನೋಡೋವಾಗ ಮೆಲ್ಲಗೆ ಹೇಳಿದ್ಳು, ಈ ವರ್ಷದೊಳಗೆ ಆಗ್ಲಿಲ್ಲ ಅಂದ್ರೆ ಗಂಡನಿಗೆ ಇನ್ನೊಂದು ಹೆಣ್ಣು ನೋಡೋ ಮಾತು ಮನೇಲಿ ಶುರುವಾಗಿದೆ ಅಂತ. ನನಗೆ ಸಿಟ್ಟು ನೆತ್ತಿಗೇರ್ತು. ಯಾರೂ ಏನೂ ನೋಡಲ್ಲ, ನೀನು ಡಾಕ್ಟರಮ್ಮ ಕೊಡೋ ಮಾತ್ರೆ ತಪ್ಪಿಸ್ಬೇಡ ಅಂದೆ.

ರಿಪೋರ್ಟ್ ಬಂತು. ಥೈರಾಯ್ಡ್ ಸರಿಯಾಗಿ ಕೆಲಸ ಮಾಡ್ತಿಲ್ಲ, ಪಿಸಿಓಡಿನೂ ಇದೆ, ಹಾರ್ಮೋನ್ ಏರುಪೇರಾಗಿ ತಿಂಗಳು ತಿಂಗಳು ಅಂಡ ಬಲಿತು ಹೊರಗೆ ಬರ್ತಿಲ್ಲ ಅಂತ ಡಾಕ್ಟರಮ್ಮ ವಿವರಿಸಿದ್ರು. ಅತ್ತೆ ಸೆರಗು ಸರಿಮಾಡ್ಕೊಂಡು, "ನಮ್ಮ ವಂಶದಲ್ಲಿ ಯಾರಿಗೂ ಹಾರ್ಮೋನ್ ಇಲ್ಲ ಕಣ್ರವ್ವ. ಇವಳು ತವರಿಂದ್ಲೇ ತಂದವ್ಳೆ" ಅಂದ್ರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದ್ರು: "ಇಲ್ದೇ ಇದ್ರೆ ನಿಮ್ಮ ಮಗ ಎಲ್ಲಿಂದ ಬಂದ್ನಮ್ಮ?"

ದೇವರ ಮುಂದಿನ ಮಾತ್ರೆ

ಮಾತ್ರೆ ಶುರುಮಾಡಿ ಮೂರು ತಿಂಗಳಾದ್ರೂ ಥೈರಾಯ್ಡ್ ಒಂಚೂರೂ ಸರಿಹೋಗಲಿಲ್ಲ. ಡಾಕ್ಟರಮ್ಮ ಡೋಸ್ ಏರಿಸೋಕೆ ಹೊರಟ್ರು. ನಾನು ತಡೀರಿ ಅಂದು, ಸೊಸೆಯನ್ನ ಕೂರಿಸ್ಕೊಂಡು, ಬೆಳಗೆದ್ದು ಏನೇನು ಮಾಡ್ತೀಯ ಒಂದೊಂದೇ ಹೇಳು ಅಂದೆ. ಆಗ ಆಚೆ ಬಂತು ನೋಡಿ. ಅತ್ತೆ ದಿನಾ ಆ ಮಾತ್ರೇನ ದೇವರ ಮುಂದಿಟ್ಟು, ಮಂಗಳಾರತಿ ಮಾಡಿ, ಆಮೇಲೆ ಒಂದು ಲೋಟ ಬಿಸಿ ಹಾಲಿನ ಜೊತೆ ಕೊಡ್ತಿದ್ರಂತೆ. ಅದು ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗೋ ಮಾತ್ರೆ. ಹಾಲು ಜೊತೆಗಿದ್ರೆ ಮೈಗೆ ಸರಿಯಾಗಿ ಹತ್ತಲ್ಲ.

ದೇವರ ಮುಂದಿಟ್ಟಿದ್ದನ್ನ ಬರೀ ನೀರಲ್ಲಿ ಕೊಡೋದಾ ಅಂತ ಅತ್ತೆ ತಕರಾರು ತೆಗೆದ್ರು. ನಾನು ಬಿಡ್ತೀನಾ? ತೀರ್ಥ ಅಂದ್ರೂ ನೀರೇ ತಾನೇ, ಅರ್ಧ ಲೋಟ ತೀರ್ಥದಲ್ಲೇ ಕೊಡಿ, ಹಾಲು ಕಾಫಿ ಎಲ್ಲ ಆಮೇಲೆ ಅಂದೆ. ಅವರು, "ಅರ್ಧ ಲೋಟ ತೀರ್ಥ ಯಾವ ದೇವಸ್ಥಾನದಲ್ಲೂ ಕೊಡಲ್ಲ. ಆಗ್ಲಿ ಬುಡಿ, ನಿಮ್ಮ ಮಾತಿಗೆ ಕೊಡ್ತೀನಿ" ಅಂದ್ರು.

ವಾಕಿಂಗ್

ತೂಕ ಇಳಿದ್ರೆ ಪಿಸಿಓಡಿಗೆ ಒಳ್ಳೇದು, ದಿನಾ ಮುಕ್ಕಾಲು ಗಂಟೆ ನಡಿ ಅಂದಿದ್ರು ಡಾಕ್ಟರಮ್ಮ. ಮನೆ ಸೊಸೆ ಬರಿಗೈಲಿ ಬೀದಿ ಸುತ್ತಿದ್ರೆ ಜನ ಏನಂತಾರೆ? ಅದಕ್ಕೆ ಅತ್ತೆ ಅವಳ ಕೈಗೆ ಕ್ಯಾನ್ ಕೊಟ್ಟು, ಫಿಲ್ಟರ್ ನೀರು ತರೋಕೆ ಅಂತ ಊರಾಚೆಗೆ ಕಳಿಸ್ತಿದ್ರು. ತಿಂಗಳಾದ್ರೂ ತೂಕ ಇಳೀಲಿಲ್ಲ. ಯಾಕೆ ಅಂತ ಕೇಳಿದ್ರೆ ಸೊಸೆ, ಕ್ಯಾನ್ ನೋಡಿದ ತಕ್ಷಣ ಪರಿಚಯದ ಹೆಂಗಸರೆಲ್ಲ ಸ್ಕೂಟಿ ನಿಲ್ಲಿಸಿ ಹತ್ತಿಸ್ಕೋತಾರೆ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ ಅಂದ್ಳು.

ಅತ್ತೇನೂ ಜೊತೆಗೆ ಹೊರಡ್ಲಿ, ಇಬ್ಬರಿದ್ರೆ ಯಾರೂ ಹತ್ತಿಸ್ಕೊಳಲ್ಲ ಅಂದೆ. ಹೊರಟ್ರು. ಮೂರು ತಿಂಗಳಲ್ಲಿ ಸೊಸೆ ನಾಲ್ಕು ಕೆಜಿ ಇಳಿದ್ಳು, ಮುಟ್ಟು ತಿಂಗಳು ತಿಂಗಳು ಬರೋಕೆ ಶುರುವಾಯ್ತು. ಅತ್ತೆ ಆರು ಕೆಜಿ ಇಳಿದು, ಇದ್ದಬದ್ದ ರವಿಕೆಯೆಲ್ಲ ಸಡಿಲ ಆಯ್ತು ಅಂತ ನನಗೇ ಬೈದ್ರು.

ಹರಕೆ

ಒಂದು ಬುಧವಾರ ಇಬ್ಬರೂ ಅವಸರದಲ್ಲಿ ಬಂದ್ರು. ಮಗು ಆಗ್ಲಿ ಅಂತ ಶನಿವಾರ ದೇವರಾಯನದುರ್ಗದಲ್ಲಿ ಹರಕೆ ಪೂಜೆ, ನೆಂಟರಿಗೆಲ್ಲ ಹೇಳಾಗಿದೆ. ಅಷ್ಟರಲ್ಲಿ ಸೊಸೆ ಮುಟ್ಟಾಗ್ಬಿಟ್ರೆ ದೇವಸ್ಥಾನದೊಳಗೆ ಹೋಗೋ ಹಾಗಿಲ್ಲ, ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ ಕೊಡಿ ಅಂದ್ರು ಅತ್ತೆ. ಡೇಟ್ ಯಾವತ್ತಿತ್ತು ಅಂದೆ. ಹತ್ತು ದಿನ ದಾಟಿದೆ, ಮತ್ತೆ ಏರುಪೇರಾಯ್ತೇನೋ ಅಂತ ಸೊಸೆ ಮುಖ ಸಣ್ಣಗೆ ಮಾಡ್ಕೊಂಡ್ಳು.

ಟೆಸ್ಟ್ ಮಾಡದೆ ಆ ಮಾತ್ರೆ ನಮ್ಮಲ್ಲಿ ಕೊಡಲ್ಲ. ಅತ್ತೆ ಬಸ್ಸಿಗೆ ಹೊತ್ತಾಯ್ತು ಅಂತ ಗೊಣಗ್ತಾನೇ ಇದ್ರು. ಎರಡು ಗೆರೆ ಬಂತು. ಇನ್ನೊಂದು ಸ್ಟ್ರಿಪ್ಪಲ್ಲೂ ನೋಡ್ದೆ, ಎರಡೇ. ಡಾಕ್ಟರಮ್ಮನಿಗೆ ತೋರಿಸಿ ಆಚೆ ಬಂದೆ.

"ಮಾತ್ರೆ ಕೊಡ್ತೀರೋ ಇಲ್ವೋ? ಶನಿವಾರದ ಗಂಟ ತಡೆದ್ರೆ ಸಾಕು" ಅಂದ್ರು ಅತ್ತೆ.

"ಶನಿವಾರ ಏನಮ್ಮ, ಹೆರಿಗೆ ಆಗೋ ತನಕ ಮುಟ್ಟಾಗಲ್ಲ. ನೀವು ಅಜ್ಜಿ ಆಗ್ತಿದೀರ" ಅಂದೆ.

ಸೊಸೆ ನನ್ನ ಕೈ ಹಿಡ್ಕೊಂಡು ಅಳೋಕೆ ಶುರುಮಾಡಿದ್ಳು. ನನಗೂ ತಡೀಲಿಲ್ಲ. ಇನ್ನೊಂದು ಹೆಣ್ಣಿನ ಮಾತು ಅಲ್ಲಿಗೆ ಮುಗೀತು. ಅತ್ತೆ ಕಣ್ಣೊರೆಸ್ಕೊಂಡು, ಅಲ್ಲೇ ನಿಂತು ಪೂಜಾರಿಗೆ ಫೋನ್ ಮಾಡಿದ್ರು.

"ಸ್ವಾಮಿ, ಶನಿವಾರದ ಪೂಜೆ ಇರ್ಲಿ. ಆದ್ರೆ ಮಗು ಕೊಡಪ್ಪ ಅಂತ ಮಾತ್ರ ಕೇಳ್ಬೇಡಿ. ಆಗ್ಲೇ ಕೊಟ್ಟವ್ನೆ. ಇನ್ನೊಂದ್ಸಲ ಕೇಳಿದ್ರೆ ಅವಳಿ-ಜವಳಿ ಕೊಟ್ಬುಟ್ಟಾನು."